ದೇಗುವಿನ ಟ್ಯಾಕ್ಸಿಯಲ್ಲಿ ಚಳಿಗಾಲ

ಆಗಸ್ಟ್ ತಿಂಗಳ ಸುಡುಬಿಸಿಲಿಗೆ ಕೊರಿಯಾದ ದೇಗು ಊರಿನ ನಾಯಿಗಳೂ ರಸ್ತೆ ದಾಟುವ ಮುಂಚೆ ಎರಡು ಸಲ ಯೋಚಿಸುತ್ತವೆ. ಅಂಥ ಊರಿನಲ್ಲಿ ತಾಕ್ ಮಾನ್ಸುವಿನ ಟ್ಯಾಕ್ಸಿ ಬಿಸಿಗಾಳಿ ಊದುತ್ತಿತ್ತು. ಸದಾ ಅಲ್ಲ. ಸ್ವಲ್ಪ ಹೊತ್ತು ಹಿತವಾಗಿ ತಣ್ಣಗೆ, ಆಮೇಲೆ ಯಾರೋ ಒಲೆಯ ಬಾಯಿ ತೆರೆದ ಹಾಗೆ. ಪ್ರಯಾಣಿಕರು ಬೈದುಕೊಂಡು ಅರ್ಧ ದಾರಿಯಲ್ಲೇ ಇಳಿದು ಹೋಗುತ್ತಿದ್ದರು.

ರಿಪೇರಿ ಮಾಡುತ್ತಿದ್ದವಳು ಗ್ವಾಕ್ ಬೊಂಗ್‌ನ್ಯೊ. ಅರವತ್ತು ದಾಟಿದ ಹೆಂಗಸು, ಗಂಟಲು ದೊಡ್ಡದು, ಗ್ಯಾರೇಜು ಚಿಕ್ಕದು. ಮೊದಲ ಸಲ ಬಂದಾಗ ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ, ಕಾರಿನೊಳಗಿನ ಶಾಖ ಅಳೆಯುವ ಸೆನ್ಸರ್‌ಗೆ ಕಟ್ಟಿಕೊಂಡಿದ್ದ ಧೂಳು ಊದಿ, "ಹೋಗು, ಇನ್ನು ಹೆಪ್ಪುಗಟ್ಟಿ ಸಾಯ್ತೀಯ" ಅಂದಿದ್ದಳು. ಎರಡನೇ ಸಲ ಆ ಸೆನ್ಸರನ್ನೇ ಬದಲಾಯಿಸಿದಳು. ಮೂರನೇ ಸಲ ಮಾನ್ಸು ಬಂದಾಗ ಬೆವರಿಗೆ ಅಂಗಿ ಮೈಗಂಟಿತ್ತು.

"ಅಕ್ಕ, ಊಟದ ಹೋಟೆಲಲ್ಲಿ ಡ್ರೈವರುಗಳೆಲ್ಲ ನಗ್ತಿದಾರೆ. ನನ್ನ ನೋಡಿ ಅಲ್ಲ, ನಿನ್ನ ನೋಡಿ."

"ಏನಂತಾರೆ?"

"ಬೊಂಗ್‌ನ್ಯೊಗೆ ವಯಸ್ಸಾಯ್ತು ಅಂತ. ಇವತ್ತೂ ಆಗದೇ ಇದ್ರೆ ಎಲ್ಲರೂ ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗೋದು ಅಂತ ಮಾತಾಡ್ಕೊಂಡಿದಾರೆ."

ಈ ಮಾತು ಬೊಂಗ್‌ನ್ಯೊಳಿಗೆ ಸರಿಯಾಗಿ ನಾಟಿತು. ಆಕೆಯ ಗ್ಯಾರೇಜು ನಿಂತಿದ್ದೇ ಟ್ಯಾಕ್ಸಿ ಡ್ರೈವರುಗಳ ಬಾಯಿಮಾತಿನ ಮೇಲೆ. ಕಾರಿನ ಸೆನ್ಸರ್‌ಗಳ ಲೆಕ್ಕ ತೋರಿಸುವ ಸ್ಕ್ಯಾನರ್ ಕೈಗೆತ್ತಿಕೊಂಡು, "ನಡಿ, ಓಡಿಸು. ನಿಂತ ಗಾಡಿ ನನ್ನ ಮುಂದೆ ಸಭ್ಯಸ್ಥನ ಹಾಗೆ ನಾಟಕ ಆಡುತ್ತೆ" ಎಂದು ಹಿಂದಿನ ಸೀಟಿಗೆ ನುಗ್ಗಿದಳು. ಮುಂದಿನ ಸೀಟಿನಲ್ಲಿ ಮಾನ್ಸುವಿನ ಅತ್ತೆ ಕೂತಿದ್ದಳು. ಮಾರುಕಟ್ಟೆಯಲ್ಲಿ ಎಳ್ಳೆಣ್ಣೆ ಮಾರುವ ಮುದುಕಿ, ಎಂಬತ್ತಾರರಲ್ಲೂ ಅಳಿಯನನ್ನು ಕಣ್ಣಲ್ಲೇ ನಡುಗಿಸುವವಳು.

ಕಾರು ಹೊರಟಿತು, ತಣ್ಣನೆ ಗಾಳಿ ಬಂತು. ಸ್ಕ್ಯಾನರ್‌ನಲ್ಲಿ ಹೊರಗಿನ ಶಾಖ ಮೂವತ್ತೇಳು ಡಿಗ್ರಿ. ಸರಿ. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಇಪ್ಪತ್ತೈದು. ಸೇತುವೆ ಹತ್ತಿದಾಗ ಒಂಬತ್ತು! ಅದೇ ಕ್ಷಣಕ್ಕೆ ಬಿಸಿಗಾಳಿ ಮುಖಕ್ಕೆ ಬಡಿಯಿತು.

"ಏಯ್ ಮಾನ್ಸು, ಹೊರಗೆ ಚಳಿಗಾಲ ಬಂದಿದೆ ಅಂತ ನಿನ್ನ ಕಾರು ತಿಳ್ಕೊಂಡಿದೆ ಕಣೋ! ಪಾಪ, ನಿನ್ನ ಮೈ ಕಾಯಿಸ್ತಿದೆ."

"ಗಾಡಿ ಕಾಯೋ ಮೀನಿಗೆ ಸಿಟ್ಟು ಬಂದಿದೆ. ಹೊಸ ಗಾಡಿ ಪೂಜೆ ದಿನ ಚಕ್ರಕ್ಕೆ ಹೆಂಡ ಸುರಿಯೋ ಅಂದ್ರೆ ಇವನು ಅರ್ಧ ಕುಡಿದ" ಎಂದಳು ಮುದುಕಿ.

ಬೊಂಗ್‌ನ್ಯೊ ಸೇತುವೆ ಇಳಿಯುತ್ತಲೇ ಕಾರು ನಿಲ್ಲಿಸಲು ಹೇಳಿ ಬಾನೆಟ್ ಎತ್ತಿಸಿದಳು. ಬಂಪರಿನ ಹಿಂದೆ, ಗಾಳಿಗೆ ಮುಖ ಕೊಟ್ಟು ಇರಬೇಕಾದ, ಹೊರಗಿನ ಶಾಖ ಅಳೆಯುವ ಇನ್ನೊಂದು ಸೆನ್ಸರ್ ಅಲ್ಲಿರಲೇ ಇಲ್ಲ. ಬಿಳಿದಾರ ಸುತ್ತಿದ ಒಣಮೀನು ಮಾತ್ರ ಬಾಯಿ ತೆರೆದು ಇವಳನ್ನೇ ನೋಡುತ್ತಿತ್ತು. ಹೊಸ ಗಾಡಿಗೆ ಕೇಡು ತಟ್ಟದಿರಲೆಂದು ಕಟ್ಟುವ ಮೀನು. ಊರಿನ ಅರ್ಧ ಟ್ಯಾಕ್ಸಿಗಳಲ್ಲಿ ಇರುವುದರಿಂದ ಅದು ಆಕೆಯ ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಅದರ ಬೆನ್ನ ಹಿಂದೆ ಬೆರಳು ತೂರಿಸಿದಳು. ಸೆನ್ಸರ್ ಸಿಕ್ಕಿತು. ಕ್ಲಿಪ್ಪಿನಿಂದ ಕಿತ್ತು, ಮೀನಿನ ಜೊತೆಗೇ ಸೇರಿಸಿ, ಎಸಿಯ ತಣ್ಣನೆ ಕೊಳವೆಗೆ ಬಿಗಿದು ಕಟ್ಟಿದ್ದರು. ಎಸಿ ಓಡಿದರೆ ಕೊಳವೆ ಮಂಜಿನಂತಾಗುತ್ತದೆ. ಕೊಳವೆ ಮಂಜಾದರೆ ಕಾರು ಹೊರಗೆ ಚಳಿಯೆಂದು ಎಸಿ ನಿಲ್ಲಿಸಿ ಬಿಸಿ ಊದುತ್ತದೆ. ಕೊಳವೆ ಬಿಸಿಯಾದರೆ ಮತ್ತೆ ಎಸಿ. ಪಾಪದ ಸೆನ್ಸರ್ ಒಂದು ಸುಳ್ಳೂ ಹೇಳಿರಲಿಲ್ಲ. ತನ್ನನ್ನು ಕಟ್ಟಿಹಾಕಿದ ಜಾಗದ ಸುದ್ದಿ ಹೇಳುತ್ತಿತ್ತು, ಅಷ್ಟೇ.

"ಇದನ್ನ ಕಟ್ಟಿದ್ದು ಯಾರು?"

"ನಾನು. ಗಟ್ಟಿಯಾಗಿದೆ ತಾನೆ?" ಮುದುಕಿಗೆ ಹೆಮ್ಮೆ.

"ಗಟ್ಟಿ ಅಂದ್ರೆ ಗಟ್ಟಿ, ಅವ್ವ. ಹಡಗು ಕಟ್ಟಬಹುದು."

ಗ್ಯಾರೇಜಿಗೆ ವಾಪಸು ಬಂದು ಗಂಟು ಬಿಚ್ಚಲು ನೋಡಿದಳು. ಎಣ್ಣೆ, ಧೂಳು ಸೇರಿ ದಾರ ಕಲ್ಲಾಗಿತ್ತು. ಎಳೆದರೆ ಸೆನ್ಸರಿನ ವೈರೇ ಕಿತ್ತು ಬರುತ್ತಿತ್ತು. ಕತ್ತರಿ ತೆಗೆದಳು. ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ಆ ದಾರ ನನ್ನ ಅಳಿಯನ ಆಯುಸ್ಸು. ಕತ್ತರಿಸೋದಾದ್ರೆ ಮೊದಲು ಮೀನಿಗೆ ಅಡ್ಡಬಿದ್ದು ತಪ್ಪಾಯ್ತು ಅನ್ನು."

"ಮಾನ್ಸು ಬೀಳ್ತಾನೆ ಬಿಡು."

"ಕತ್ತರಿಸೋಳು ನೀನು. ಬೀಳೋಳೂ ನೀನೇ."

ಬೊಂಗ್‌ನ್ಯೊ ಕತ್ತರಿ ಕೆಳಗಿಟ್ಟಳು. ಹತ್ತೊಂಬತ್ತರ ವಯಸ್ಸಿನಲ್ಲಿ ಆಕೆ ಇದೇ ಊರಿನ ನೇಯ್ಗೆ ಮಿಲ್ಲಿನಲ್ಲಿ ಫ್ಯಾನು ಬೇಕೆಂದು ಹುಡುಗಿಯರನ್ನು ಕಟ್ಟಿಕೊಂಡು ಮಗ್ಗ ನಿಲ್ಲಿಸಿದ್ದಳು. ಎಲ್ಲರೆದುರು ಮಂಡಿಯೂರಿ ತಲೆ ನೆಲಕ್ಕೆ ಮುಟ್ಟಿಸಿದರೆ ಕೆಲಸ ಉಳಿಯುತ್ತದೆ ಎಂದಿದ್ದ ಮ್ಯಾನೇಜರ್. ಅವನ ಬೂಟಿನ ಪಕ್ಕ ಉಗಿದು, ಊಟದ ಡಬ್ಬಿ ಎತ್ತಿಕೊಂಡು ಹೊರಬಂದಿದ್ದಳು. ಮತ್ತೆ ಯಾವ ಮಿಲ್ಲೂ ಸೇರಿಸಿಕೊಳ್ಳಲಿಲ್ಲ. ಮೆಕ್ಯಾನಿಕ್ ಒಬ್ಬನನ್ನು ಕಟ್ಟಿಕೊಂಡು ಸ್ಪ್ಯಾನರ್ ಹಿಡಿದಳು. ಸತ್ತ ಗಂಡನ ಫೋಟೋದ ಮುಂದೆ ಬಿಟ್ಟರೆ ಎಲ್ಲೂ ಮಂಡಿಯೂರಿದವಳಲ್ಲ. ಈಗ ಒಣಮೀನಿಗೆ!

"ಅಕ್ಕ, ನನ್ನ ಹೊಟ್ಟೆಪಾಡು," ಎಂದ ಮಾನ್ಸು ಮೆಲ್ಲಗೆ.

ಆಕೆ ಮೀನನ್ನು ನೋಡಿದಳು. ಅದು ಯಾರ ಕೂಲಿಯನ್ನೂ ಹಿಡಿದಿರಲಿಲ್ಲ. ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ. ಅದೂ ಎಲ್ಲೋ ಬಲೆಗೆ ಸಿಕ್ಕಿ, ಒಣಗಿ, ಯಾರದೋ ಗಾಡಿ ಕಾಯುವ ಕೆಲಸಕ್ಕೆ ಬಿದ್ದದ್ದು.

"ಕೂಲಿಯೋಳು ಕೂಲಿಯೋನಿಗೆ ಬೀಳ್ತಿದೀನಿ, ಅಷ್ಟೇ ತಿಳ್ಕೊ" ಎಂದು ಮೀನಿಗೇ ಹೇಳಿ, ರಟ್ಟು ಹಾಸಿ ಮಂಡಿಯೂರಿದಳು.

"ಸೊಂಟ ಇನ್ನೂ ಬಗ್ಗಲಿ," ಎಂದಳು ಮುದುಕಿ.

ದಾರ ಕತ್ತರಿಸಿ, ಸೆನ್ಸರನ್ನು ಬಂಪರಿನ ಹಿಂದಿನ ಕ್ಲಿಪ್ಪಿಗೆ ಸಿಕ್ಕಿಸಿದಳು. ಮೀನು ಹೊಸ ದಾರದೊಂದಿಗೆ ಡಿಕ್ಕಿಗೆ ಹೋಯಿತು. ಊರು ಸುತ್ತಿ ಬಂದರೂ ಸ್ಕ್ಯಾನರ್ ಮೂವತ್ತೇಳರಿಂದ ಕದಲಲಿಲ್ಲ, ಗಾಳಿ ತಣ್ಣಗೇ ಬಂತು.

"ನೋಡಿದ್ಯಾ, ಸಿಟ್ಟು ಇಳೀತು," ಎಂದಳು ಮುದುಕಿ. ವಾದಿಸಲು ಬಾಯಿ ತೆರೆದ ಬೊಂಗ್‌ನ್ಯೊಳಿಗೆ ಎಸಿಯ ತಂಪಿಗೆ ಆಕಳಿಕೆ ಬಂತು.

ಮಾನ್ಸು ಅಂದೇ ಹೋಟೆಲಿನಲ್ಲಿ ಸುದ್ದಿ ಹಬ್ಬಿಸಿದ. ಸೆನ್ಸರಿನ ಮಾತು ಯಾರಿಗೂ ನೆನಪುಳಿಯಲಿಲ್ಲ. ಮರುದಿನ ಬೆಳಗ್ಗೆ ಒಬ್ಬ ಡ್ರೈವರ್ ಕೆಟ್ಟ ಗೇರ್‌ಬಾಕ್ಸ್ ಮತ್ತು ಕಂಕುಳಲ್ಲಿ ಒಣಮೀನು ಸಮೇತ ಹಾಜರಾದ.

"ಅಕ್ಕ, ಮೊದಲು ಒಂದ್ಸಲ ಬಿದ್ದುಬಿಡು."

ಬೊಂಗ್‌ನ್ಯೊ ಸ್ಪ್ಯಾನರಿನಿಂದ ರಟ್ಟಿನ ಕಡೆ ತೋರಿಸಿದಳು. "ಗೇರ್‌ಬಾಕ್ಸ್ ನನ್ನ ಕೆಲಸ. ಮೀನು ನಿಂದು. ಬೀಳು." ಅವನು ಬಿದ್ದ. ಆಕೆ ಸ್ಟೂಲು ಎಳೆದು ಕೂತು ನೋಡಿದಳು.

"ಸೊಂಟ ಇನ್ನೂ ಬಗ್ಗಲಿ."