ಬಾವಿಗಿಂತ ಮೊದಲು ನಿಂತ ಕಪಿಲೆ

ಲಕ್ಷ್ಮಕ್ಕ, ನಿನ್ನ ಹೊಲದಲ್ಲಿ ನೀರಿದೆ ಎಂದು ನನಗೆ ಗೊತ್ತಿರಲಿಲ್ಲ. ನೀರು ನೋಡಲು ಹಿಡಿದಾಗ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು ಎಂದು ನಾನು ಹೇಳಿದ್ದು ಸುಳ್ಳು. ಆ ದಿನ ನನ್ನ ಕೈಯಲ್ಲಿ ಕಾಯಿಯೇ ಇರಲಿಲ್ಲ. ನಿನ್ನ ಹೊಲದ ಮೂಲೆಯಲ್ಲಿ ನಾನು ನಿಲ್ಲಿಸಿದ್ದು ಕಪಿಲೆಯೂ ಅಲ್ಲ — ಹೊಡೆದು ತಂದ ಜಿಂಕೆಗಳನ್ನು ನೇತುಹಾಕುವ ಚೌಕಟ್ಟು.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು ನೋಡು, ನನ್ನ ಮುಖಕ್ಕಿಷ್ಟು.

ನಿನಗೆ ಓದು ಬರದು. ಈ ಕಾಗದವನ್ನು ನಿನ್ನ ಮಗಳು ಪಾರ್ವತಿಯೇ ಓದಿ ಹೇಳುತ್ತಿರುತ್ತಾಳೆ. ಪಾರ್ವತಿ, ಅಮ್ಮನಿಗೆ ನೋವಾಗುತ್ತದೆ ಅಂತ ಯಾವ ಸಾಲನ್ನೂ ನುಂಗಬೇಡ ಕಣಮ್ಮ. ಬೇಕಾದರೆ ನಿಲ್ಲಿಸಿ ನನ್ನನ್ನು ಬೈದು, ಮತ್ತೆ ಓದು.

ಹೋದ ವಾರ ನೀನು ಮಗಳ ಊರು ಕೊಡಿಕೊಂಡದಿಂದ ಬಸ್ಸು ಹತ್ತಿ, ಹಿಂದೂಪುರದಲ್ಲಿ ನನ್ನ ಬಾಗಿಲು-ಕಿಟಕಿಯ ಅಂಗಡಿ ಹುಡುಕಿಕೊಂಡು ಬಂದೆ. ಮರದ ಹೊಟ್ಟಿನ ಮೇಲೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದೆ: "ಅಂಜಿನಪ್ಪ, ಪಾರ್ವತಿ ಹೊಲದಾಗೆ ಬೋರು ಹಾಕಿಸ್ತೀವಿ ಕಣಪ್ಪ. ನೀರು ನೋಡೋ ಆಫೀಸಿನೋರು ಮಿಷಿನ್ ತಂದು ಒಂದು ಕಡೆ ಗುರ್ತು ಮಾಡವ್ರೆ. ನಾನೇ ಬ್ಯಾಡ ಅಂದೆ. ನಮ್ಮ ಅಂಜಿನಪ್ಪ ಬಂದು ಕಾಯಿ ಹಿಡೀಲಿ, ಅವನು ಎಲ್ಲಿ ಅಂತಾನೋ ಅಲ್ಲೇ ಅಂದ್ಬುಟ್ಟೆ." ಬೀಗರು ಗೊಣಗಿದರಂತೆ. ನೀನು ಅವರ ಎದುರು ಎದೆ ತಟ್ಟಿಕೊಂಡು ನಿಂತೆಯಂತೆ. ಸೋಮವಾರ ಬೋರು ಕೊರೆಯುವ ರಿಗ್ಗಿನ ಲಾರಿ ಬರುತ್ತದೆ ಎಂದೆ.

ಆಗಲೇ ಹೇಳಬೇಕಿತ್ತು. ನಾನು ಏನು ಹೇಳಿದೆ? "ಆಯ್ತಕ್ಕ, ಬತ್ತೀನಿ" ಎಂದೆ. ಸುಳ್ಳು ಹೇಳಿ ಪಳಗಿದ ನಾಲಿಗೆ, ಕೇಳುವ ಮೊದಲೇ ಹೊರಳುತ್ತದೆ. ನೀನು ಹೋದ ಮೇಲೆ ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ಈ ಕಾಗದ ಬರೆಯಲು ಕೂತೆ.

ಈಗ ಮೊದಲಿನಿಂದ ಹೇಳುತ್ತೇನೆ.

ಕಲ್ಯಾಣದುರ್ಗದ ಕಡೆ ಪಂಪ್‌ಸೆಟ್ಟುಗಳು ಒಂದೊಂದೇ ಬರುತ್ತಿದ್ದ ಕಾಲ ಅದು. ಈಗಿನ ಮಕ್ಕಳಿಗೆ ಕಪಿಲೆ ಎಂದರೆ ಗೊತ್ತಿಲ್ಲ. ಬಾವಿಯ ಬಾಯಿಗೆ ಎರಡು ಕಂಬ ನೆಟ್ಟು, ಮೇಲೊಂದು ಅಡ್ಡದೂಲ ಹಾಕಿ, ಅದಕ್ಕೆ ಗಾಲಿ ಕೂರಿಸಿ, ಎತ್ತು ಕಟ್ಟಿ ತೊಗಲಿನ ಬಾನಿಯಲ್ಲಿ ನೀರೆಳೆಯುತ್ತಿದ್ದರು. ಬೆಳುಗುಪ್ಪದ ಸುತ್ತ ನಾನು ನಿಲ್ಲಿಸಿದ ಕಪಿಲೆ ಒಂದೂ ಬಾಗಿದ್ದಿಲ್ಲ. ಆ ಜಂಬ ನನಗೆ ತಲೆಗೇರಿತ್ತು. ಪಂಪು ಬಂದ ಮೇಲೆ ಕಪಿಲೆ ಕೇಳುವವರೇ ಇಲ್ಲವಾದರು. ಅಂಥ ಹೊತ್ತಿನಲ್ಲಿ ನಮ್ಮೂರಿನ ಓಬಳೇಶಪ್ಪ ಬಂದ. ಅವನ ಹತ್ತಿರ ಬಂದೂಕಿತ್ತು, ಟೌನಿನಿಂದ ಜೀಪಿನಲ್ಲಿ ಬರುವ ಸ್ನೇಹಿತರಿದ್ದರು, ಕಡಲೆಕಾಯಿ ಹೊಲಕ್ಕೆ ಬಾಯಿ ಹಾಕುವ ಜಿಂಕೆಗಳಂತೂ ಬೇಕಾದಷ್ಟು.

"ಎರಡು ಜಿಂಕೆ ತೂಗಿದ್ರೂ ಅಲ್ಲಾಡಬಾರದು ಕಣ್ಲಾ. ನಾಯಿಗೆ ಎಟುಕಬಾರದು, ಸುತ್ತಲೂ ಗಾಳಿ ಆಡಬೇಕು. ನಿನ್ನ ಕೈಲಿ ಆಯ್ತದಾ?"

ಆಯ್ತದಾ ಅಂದರೆ! ನನ್ನನ್ನು ಹಾಗೆ ಕೇಳುವುದೇ? ಜಿಂಕೆ ಹೊಡೆದರೆ ಜೈಲು ಎಂಬ ಕಾನೂನು ಹೊಸದಾಗಿ ಬಂದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದೆ. ಯಾರೂ ಹೆದರಿಸಲಿಲ್ಲ, ಯಾರೂ ಬಲವಂತ ಮಾಡಲಿಲ್ಲ — ನನ್ನ ಕೈಚಳಕ ಒಬ್ಬನಾದರೂ ಕೇಳಿಕೊಂಡು ಬಂದನಲ್ಲ ಎಂಬ ಸಂತೋಷ, ಅಷ್ಟೇ.

ಜಾಗ ಆರಿಸಿದ್ದೂ ನಾನೇ. ಇದನ್ನು ಕೇಳಿಸಿಕೊ ಅಕ್ಕ. ನಿನ್ನ ಮೂರೆಕರೆಯ ತುದಿಯಲ್ಲಿ ಕಲ್ಲು ತುಂಬಿದ ಮೂಲೆ ಇತ್ತಲ್ಲ, ಊರಿಗೆ ಕಾಣದ್ದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು ನಿನಗೆ. ನೀನು ಪಾರ್ವತಿಯನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ನಾಳೆ ಯಾರಾದರೂ ಬಂದು ಕೇಳಿದರೆ ನೆಲ ನಮ್ಮದಲ್ಲ ಎನ್ನಬಹುದು — ಓಬಳೇಶಪ್ಪನಿಗೆ ನಾನೇ ಈ ಬುದ್ಧಿ ಹೇಳಿಕೊಟ್ಟೆ.

ಕರಿಜಾಲಿಯ ಎರಡು ಕಂಬ. ಮೂರು ಮೊಳ ಆಳಕ್ಕೆ ಇಳಿಸಿ, ಸುತ್ತ ಕಲ್ಲು ಬಡಿದು, ಗರಸು ಸುರಿದು, ನೀರು ಹಾಕಿ ದಮ್ಮಸ್ಸು ಮಾಡಿದೆ. ಗಾಳಿಗೆ ವಾಲದಂತೆ ಎರಡೂ ಕಡೆ ಓರೆಯಾಗಿ ಆಸರೆ ಕೊಟ್ಟೆ. ಅಡ್ಡದೂಲಕ್ಕೆ ಹುಣಸೆ. ಕಂಬದ ನೆತ್ತಿಯಲ್ಲಿ ತೂತು ಕೊರೆದು, ಕೂರಿಸಿ, ಬೆಣೆ ಹೊಡೆದೆ. ಒಂದೇ ಒಂದು ಮೊಳೆಯಿಲ್ಲ. ಎತ್ತುವುದಕ್ಕೆ ಸಲೀಸಾಗಲಿ ಎಂದು ಹಳೆಯ ಕಪಿಲೆಯೊಂದರ ಗಾಲಿಯನ್ನೇ ತಂದು ಜೋಡಿಸಿದೆ. ಮೊದಲ ಜಿಂಕೆಯನ್ನು ಹಿಂಗಾಲಿಗೆ ಕೋಲು ಕೊಟ್ಟು ಮೇಲೆಳೆದಾಗ ನಾನು ಅಲ್ಲೇ ಇದ್ದೆ. ನಾನು ನೋಡಿದ್ದು ದೂಲವನ್ನು. ಕೂದಲೆಳೆಯಷ್ಟೂ ಬಾಗಲಿಲ್ಲ. "ನೋಡಿದ್ರಾ!" ಎಂದು ತೊಡೆ ತಟ್ಟಿಕೊಂಡೆ. ಎದುರಿಗೆ ಒಂದು ಜೀವ ತಲೆಕೆಳಗಾಗಿ ತೂಗುತ್ತಿತ್ತು — ಅದರ ಕಣ್ಣು ತೆರೆದೇ ಇತ್ತು ಎಂದು ಈಗ ನೆನಪಾಗುತ್ತದೆ. ಆಗ ಕಾಣಲಿಲ್ಲ.

ಹದಿನೈದು ದಿನವೂ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಫಾರೆಸ್ಟಿನವರ ಜೀಪು ಬಂತು. ಓಬಳೇಶಪ್ಪ ಊರಲ್ಲಿರಲಿಲ್ಲ. ಪುಣ್ಯಕ್ಕೋ ಪಾಪಕ್ಕೋ ಆ ದಿನ ಚೌಕಟ್ಟು ಖಾಲಿ ಇತ್ತು. ನಾನು ಮಾತ್ರ ಒಂದು ಬೆಣೆ ಬಿಗಿ ಮಾಡುತ್ತಾ ಅಲ್ಲೇ ಸಿಕ್ಕಿಬಿದ್ದೆ. ಗಾರ್ಡು ಕಂಬದ ಸುತ್ತ ಒಂದು ಸುತ್ತು ಬಂದು, ಈ ನೆಲ ಯಾರದು ಎಂದು ಕೇಳಿದ. ನಾನು ನಿನ್ನ ಹೆಸರು ಹೇಳಿದೆ. ಇದೇನು ಎಂದು ಕೇಳಿದ. "ಕಪಿಲೆ ಸಾರ್" ಎಂದೆ.

"ಕಪಿಲೆ ಉಂದಿ, ಬಾವಿ ಏದಿರಾ?" ಎಂದ.

ಕಪಿಲೆ ಇದೆ, ಬಾವಿ ಎಲ್ಲಿ? ನಾಲಿಗೆ ತಾನಾಗಿಯೇ ಆಡಿತು. ಇಲ್ಲೇ ತೋಡುತ್ತಾರೆ, ನೀರು ನೋಡಿದ್ದಾಗಿದೆ, ಲಕ್ಷ್ಮಕ್ಕ ತವರಿಂದ ಬಂದ ಕೂಡಲೇ ಶುರು ಎಂದೆ. ಅವನು ನನ್ನನ್ನೇ ದಿಟ್ಟಿಸಿ, ಮುಂದಿನ ತಿಂಗಳು ಬರುತ್ತೇನೆ, ಇಲ್ಲಿ ಗುಂಡಿ ಕಾಣಬೇಕು, ಕಾಣದಿದ್ದರೆ ನಿನ್ನನ್ನೂ ನೆಲದವಳನ್ನೂ ಇಬ್ಬರನ್ನೂ ಎಳೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ. ನಿನ್ನನ್ನು ಉಳಿಸುವುದಕ್ಕೆ ಸುಳ್ಳು ಹೇಳಿದೆ ಎಂದು ಈಗ ಬರೆದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜವೆಂದರೆ ನಿನ್ನ ಯೋಚನೆಯೇ ನನಗೆ ಬರಲಿಲ್ಲ. ನನ್ನ ಚರ್ಮ ಉಳಿದರೆ ಸಾಕಾಗಿತ್ತು.

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ನೀರು ಕಣ್ಣಿಗೆ ಬೀಳುವವರೆಗೆ ಯಾರೂ ಕಪಿಲೆಗೆ ಕಂಬ ನೆಡುವುದಿಲ್ಲ. ಹಾಗಿರುವಾಗ ಬಾವಿಯೇ ಇಲ್ಲದ ಕಡೆ ಬಡಗಿ ಕಪಿಲೆ ನಿಲ್ಲಿಸಿದ್ದಾನೆ ಎಂದರೆ? ಇವನಿಗೆ ನೀರು ಕಂಡಿದೆ ಎಂದೇ ಊರು ತೀರ್ಮಾನಿಸಿತು. ಓಬಳೇಶಪ್ಪ ಜೀಪಿನ ಸುದ್ದಿ ಕೇಳಿ ಆ ಕಡೆ ತಲೆ ಹಾಕುವುದನ್ನೇ ಬಿಟ್ಟ. ನೀನು ತವರಿನಿಂದ ಬಂದವಳು ಮನೆ ಬಾಗಿಲನ್ನೂ ತೆಗೆಯದೆ ನನ್ನ ಹತ್ತಿರ ಓಡಿ ಬಂದೆ.

"ನಮ್ಮ ಹೊಲದಾಗೆ ನೀರೈತೇನಪ್ಪ? ದಿಟವಾಗ್ಲೂ? ನಿನಗೆ ಹೆಂಗೆ ಗೊತ್ತಾಯ್ತು?"

ನಿನ್ನ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗ ಎರಡು ಮಾತು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದೆ — "ಕಾಯಿ ಎದ್ದು ನಿಂತಿತಕ್ಕ."

ಅಷ್ಟೇ. ಮೂರು ಮಾತು. ಮಾರನೆಯ ಬೆಳಿಗ್ಗೆಯೇ ನೀನು ಹಾರೆ ಹಿಡಿದೆ.

ಎಷ್ಟು ದಿನ ತೋಡಿದೆ ಅಕ್ಕ ನೀನು! ಮೊದಲು ನೀನೊಬ್ಬಳೇ, ಆಮೇಲೆ ನಿನ್ನ ತಮ್ಮ ಬಂದ, ಆಮೇಲೆ ಅಕ್ಕಪಕ್ಕದವರು ಕೂಲಿಯಿಲ್ಲದೆ ಮುಯ್ಯಾಳಾಗಿ ಬಂದರು. ಗರಸು ಮುಗಿದು ಬಂಡೆ ಸಿಕ್ಕಿತು. ನಿನ್ನ ಎಡಗೈಯ ಎರಡು ಬೆರಳು ಆ ಬಂಡೆಯ ಕೆಳಗೆ ಜಜ್ಜಿಹೋದವು. ನಾನೇ ಗಾಡಿ ಕಟ್ಟಿ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದೆ, ಬೆರಳು ತೆಗೆಯಬೇಕಾಯಿತು. ದಾರಿಯುದ್ದಕ್ಕೂ ನೀನೇ ನನಗೆ ಸಮಾಧಾನ ಹೇಳುತ್ತಿದ್ದೆ. "ಯಾಕಪ್ಪ ಅಳ್ತೀಯ? ಎರಡು ಬೆಳ್ಳು ತಾನೆ? ಗಂಗಮ್ಮ ಸುಮ್ಮನೆ ಬತ್ತಾಳಾ?" ನಾನು ಅಳುತ್ತಿದ್ದುದು ಯಾತಕ್ಕೆ ಎಂದು ನಿನಗೆ ಗೊತ್ತಿರಲಿಲ್ಲ. ಆ ಗಾರ್ಡು ತಿರುಗಿ ಬರಲೇ ಇಲ್ಲ. ನನ್ನ ಭಯ ಆಗಲೇ ತೀರಿತ್ತು. ಆದರೂ "ಸಾಕು, ನಿಲ್ಲಿಸಕ್ಕ" ಎನ್ನಲು ಬಾಯಿ ಬರಲಿಲ್ಲ. ಇಲ್ಲಿ ನಿಲ್ಲಿಸಿದರೆ ಹೋದ ಬೆರಳಿಗೆ ಏನು ಹೇಳುವುದು? ಪ್ರತಿ ದಿನ ನಾಳೆ ಹೇಳೋಣ, ನಾಳೆ ಹೇಳೋಣ…

ಕೈಗೆ ಬಟ್ಟೆ ಸುತ್ತಿಕೊಂಡೇ ನೀನು ಮತ್ತೆ ಇಳಿದೆ. ಆರಾಳುದ್ದದಲ್ಲಿ, ಬಂಡೆಯ ಸಂದಿಯಲ್ಲಿ ನೀರು ಜಿನುಗಿತು. ಮೇಲಿನಿಂದ ಬಗ್ಗಿ ನೋಡುತ್ತಿದ್ದ ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಭಕ್ತಿಯಿಂದ ಕೂತಿದ್ದಾನೆ ಎಂದುಕೊಂಡರು ಜನ. ನೀನು ಮೇಲೆ ಬಂದು, ಜಿಂಕೆ ತೂಗಿದ ಅದೇ ದೂಲಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದೆ. ಅದಕ್ಕೆ ಎತ್ತು ಕಟ್ಟಿ ನೀರೆಳೆದಾಗಲೂ ಅದು ಬಾಗಲಿಲ್ಲ. ಒಬ್ಬಟ್ಟು ಮಾಡಿ ಮೊದಲ ಎಲೆ ನನಗೆ ಹಾಕಿದೆ. ತಿಂದೆ. ಎರಡನೆಯ ಸಲವೂ ಬಡಿಸಿಕೊಂಡು ತಿಂದೆ.

ಅಲ್ಲಿಂದ ನನಗೆ ಹೊಸ ಹೆಸರು ಬಂತು, ನೀರಿನ ಅಂಜಿನಪ್ಪ ಅಂತ. ಎಷ್ಟೋ ಜನ ಕಾಯಿ ಹಿಡಿದುಕೊಂಡು ಬಂದರು. ಆ ಶಕ್ತಿ ಒಂದೇ ಸಲ ಬರುವುದು, ಇನ್ನು ಬರುವುದಿಲ್ಲ ಎಂದು ಇನ್ನೊಂದು ಸುಳ್ಳು ಹೆಣೆದು ತಪ್ಪಿಸಿಕೊಂಡೆ. ಅದಕ್ಕೂ ಜನ ತಲೆದೂಗಿದರು! ದೊಡ್ಡವನು, ದುರಾಸೆಯಿಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರಾದರೂ ನೀರು ಎಂದರೆ ಸಾಕು, ನಾನು ಮಾತು ತಿರುಗಿಸುತ್ತಿದ್ದೆ. ಕೊನೆಗೆ ಊರೇ ಬಿಟ್ಟು ಹಿಂದೂಪುರಕ್ಕೆ ಬಂದೆ. ಕೆಲಸ ಹುಡುಕಿಕೊಂಡು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕೆಲಸ ಅಲ್ಲೂ ಇತ್ತು.

ಒಂದು ಕಡೆ ಖುಷಿಯೂ ಆಗುತ್ತದೆ ಅಕ್ಕ, ಅದನ್ನೂ ಮುಚ್ಚಿಡುವುದಿಲ್ಲ. ಆ ಕಲ್ಲಿನ ಮೂಲೆಯ ಪಕ್ಕ ಈಗ ಹಿಪ್ಪುನೇರಳೆ ತೋಟವಿದೆ. ಕರೆಂಟು ಬಂದು ಕಪಿಲೆ ಹೋಯಿತು, ಬಾವಿ ಬತ್ತಲಿಲ್ಲ. ರೇಷ್ಮೆಹುಳು ಸಾಕಿ ನೀನು ಪಾರ್ವತಿಯನ್ನು ಓದಿಸಿದೆ, ಮದುವೆ ಮಾಡಿದೆ. ನಿನ್ನ ತೋಟದ ಬದುವಿನಲ್ಲಿ ಜಿಂಕೆಗಳು ಬಂದು ಮೇಯುತ್ತವೆ, ನೀನು ಓಡಿಸುವುದಿಲ್ಲ ಎಂದು ಕೇಳಿದೆ. ಒಳ್ಳೆಯದಾಯಿತಲ್ಲ ಎಂದು ನನ್ನ ಮನಸ್ಸು ನೂರು ಸಲ ಹೇಳಿದೆ. ಒಳ್ಳೆಯದಾದದ್ದು ನನ್ನ ಸುಳ್ಳಿನಿಂದ ಅಲ್ಲವಲ್ಲ! ಆ ಬಂಡೆಯ ಕೆಳಗೆ ನೀರಿಲ್ಲದೆ ಹೋಗಿದ್ದರೆ ನೀನು ಇನ್ನೂ ಎಷ್ಟು ಆಳ ಇಳಿಯುತ್ತಿದ್ದೆ, ಇನ್ನೇನೇನು ಕಳೆದುಕೊಳ್ಳುತ್ತಿದ್ದೆ?

ಈಗ ನೀನು ನಿನ್ನ ಮಗಳ ಹೊಲವನ್ನು ನನ್ನ ಅಂಗೈಗೆ ಕೊಡಲು ಹೊರಟಿದ್ದೀಯ. ನೀರು ಬರದಿದ್ದರೆ ಬೀಗರ ಮನೆಯಲ್ಲಿ ಮಾತು ಕೇಳಬೇಕಾದವಳು ಪಾರ್ವತಿ. ನನ್ನ ಅಂಗೈಯಲ್ಲಿ ಉಳಿಯ ಗಾಯ ಬಿಟ್ಟರೆ ಏನೂ ಇಲ್ಲ. ಮಿಷಿನ್ ತಂದವರು ಓದಿಕೊಂಡವರು, ಅವರು ಗುರುತು ಮಾಡಿದ ಕಡೆಯೇ ಹಾಕಿಸಿ. ಅವರ ಲೆಕ್ಕವೂ ತಪ್ಪಬಹುದು. ಆದರೆ ಅವರು ನೋಡಿ ಹೇಳಿದ್ದಾರೆ.

ಇನ್ನೊಂದು ಮಾತಿದೆ, ಪಾರ್ವತಿ, ಇದನ್ನು ಸ್ವಲ್ಪ ಗಟ್ಟಿಯಾಗಿ ಓದು. ಲಕ್ಷ್ಮಕ್ಕ, ಆ ಬಾವಿಯ ನೀರು ತಂದವಳು ನೀನು. ಎಂಟು ಬೆರಳಲ್ಲಿ ಹಾರೆ ಹಿಡಿದು ತಂದೆ. ಅದನ್ನು ನಾನು ಇಪ್ಪತ್ತು ವರ್ಷ ನನ್ನ ಹೆಸರಿಗೆ ಹಾಕಿಕೊಂಡು ತಿರುಗಿದೆ. ಊರಿನವರು ನನಗೆ ಮುಗಿದ ಕೈಯೆಲ್ಲ ನಿನಗೆ ಸಲ್ಲಬೇಕಾದದ್ದು. ನಿನ್ನ ಬೆರಳನ್ನು ನಾನು ಕೊಡಲಾರೆ. ಇದೊಂದನ್ನಾದರೂ ವಾಪಸು ಕೊಡಬಲ್ಲೆ, ಅದಕ್ಕೆ ಕಲ್ಯಾಣದುರ್ಗದ ಕಡೆಯ ನಮ್ಮೂರಿಗೂ ಹೋಗುತ್ತೇನೆ. ಕಟ್ಟೆಯ ಮೇಲೆ ಕೂತವರ ಮುಂದೆ ನಿಂತು ಹೇಳುತ್ತೇನೆ. ನಗಲಿ, ಉಗಿಯಲಿ.

ಅದಕ್ಕೂ ಮೊದಲು ಸೋಮವಾರ ಇದೆ. ಮೊದಲ ಬಸ್ಸಿಗೇ ಬರುತ್ತೇನೆ. ನಿಮ್ಮ ಬೀಗರ ಎದುರು, ರಿಗ್ಗಿನವರ ಎದುರು ಇದೇ ಮಾತನ್ನು ಬಾಯಿಬಿಟ್ಟು ಹೇಳುತ್ತೇನೆ. ನೀನು ಕ್ಷಮಿಸು ಎಂದು ಕೇಳುವುದಕ್ಕೆ ಬರುತ್ತಿಲ್ಲ. ಒಳಗೆ ಕರೆಯದಿದ್ದರೆ ಬದುವಿನ ಮೇಲೆ ನಿಂತೇ ಹೇಳುತ್ತೇನೆ, ಮುಖ ತಿರುಗಿಸಿಕೊಂಡರೆ ನಿನ್ನ ಬೆನ್ನಿಗೆ ಹೇಳುತ್ತೇನೆ. ಆಫೀಸಿನವರು ಹಾಕಿದ ಗುರುತಿನ ಕಡೆಗೆ ಲಾರಿ ತಿರುಗುವವರೆಗೆ ಅಲ್ಲಿಂದ ಕದಲುವುದಿಲ್ಲ. ನಿನ್ನ ಮಗಳ ನೆಲದಲ್ಲಿ ನನ್ನ ಸುಳ್ಳನ್ನು ನಂಬಿ ಒಂದಡಿಯೂ ಕೊರೆಯಬಾರದು.