ಅಳಿಸಿದ ಮೊದಲ ಟೇಕ್

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕ್ಯಾಸೆಟ್ ಕಾಪಿ ಮಾಡುವ ಮೆಷಿನ್ ಹಾಡುಗಳನ್ನು ಎಂಟು ಪಟ್ಟು ವೇಗದಲ್ಲಿ ಓಡಿಸುತ್ತಾ ದಿನವಿಡೀ ಕೀಚಲು ದನಿ ಹೊರಡಿಸುತ್ತಿತ್ತು. ಪಕ್ಕದ ಲೇತ್ ವರ್ಕ್‌ಶಾಪಿನವರು, "ಮೇಡಂ, ನಿಮ್ಮ ಇಲಿಗಳು ಎದ್ಬಿಟ್ವಾ?" ಎಂದು ರೇಗಿಸುತ್ತಿದ್ದರು. ಮೆಷಿನ್ ನಮ್ಮ ಯಜಮಾನರದು, ಯಾರು ಹಾಡಬೇಕು, ಹೇಗೆ ಹಾಡಬೇಕು ಎಂಬುದು ನನ್ನ ಡಿಪಾರ್ಟ್‌ಮೆಂಟು. ದೊಡ್ಡ ಕಂಪನಿಗಳೆಲ್ಲ ಸಿನಿಮಾ ಹಾಡಿನ ಹಿಂದೆ ಬಿದ್ದಿದ್ದವು. ನಮ್ಮ ಪುಟ್ಟ ಲೇಬಲ್ ಸುತ್ತಲಿನ ಹಳ್ಳಿಗಳ ಸೋಬಾನೆ ಹಾಡುಗಳನ್ನು ಹೊರತಂದಿತು.

ಮೊದಲನೆಯ ಕ್ಯಾಸೆಟ್ಟು ಚಿಕ್ಕಬಾಣಾವರದ ಒಕ್ಕಲುಮನೆಯ ಹೆಂಗಸಿನದು. ಆಕೆ ಚಪ್ಪಲಿ ಹೊರಗೆ ಬಿಟ್ಟು, ಮೈಕಿಗೆ ಕೈಮುಗಿದು, ಮದುಮಗಳನ್ನು ಹಸೆಗೆ ಕರೆಯುವ ಹಾಡನ್ನು ಎಲ್ಲೂ ತಡೆಯದೆ ಹಾಡಿದಳು. ಆಕೆಯ ಬಾಯಲ್ಲಿ ಹಸೆ 'ಅಸೆ'ಯಾಗಿತ್ತು, ಹೂವು 'ಊವು'. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದವಳು ನಾನು; ಒಂದಕ್ಷರ ನುಂಗಿದರೂ ಸಿಸ್ಟರ್ ಸ್ಕೇಲಿನಿಂದ ಬಾರಿಸುತ್ತಿದ್ದರು. ಮಧ್ಯಾಹ್ನವೆಲ್ಲ ಕೂರಿಸಿ ಆಕೆಯ 'ಹ' ತಿದ್ದಿದೆ.

"ಅಮ್ಮಾವ್ರೆ, ಇಂಗ್ ಆಡಿದ್ರೆ ಉಸ್ರೆಲ್ಲ ಅದ್ರಲ್ಲೇ ಒಂಟೋಯ್ತದೆ."

"ಪ್ರನನ್ಸಿಯೇಷನ್ ನೀಟಾಗಿರಬೇಕಮ್ಮ," ಎಂದೆ.

ಎರಡನೆಯ ಟೇಕನ್ನು ಅದೇ ಟೇಪಿನಲ್ಲಿ, ಮೊದಲನೆಯದರ ಮೇಲೆಯೇ ರೆಕಾರ್ಡ್ ಮಾಡಿಸಿದೆ. ತಪ್ಪಿರುವುದನ್ನು ಯಾಕೆ ಇಟ್ಟುಕೊಳ್ಳಬೇಕು ಎಂದುಕೊಂಡಿದ್ದೆ.

ಕ್ಯಾಸೆಟ್ ಚೆನ್ನಾಗಿಯೇ ಹೋಯಿತು. ಅದರ ಹಿಂದೆ ಇನ್ನಷ್ಟು ಬಂದವು. ಆಮೇಲೆ ಸಿಡಿ ಬಂತು, ಫೋನ್ ಬಂತು, ನಾವು ಮುಚ್ಚಿದೆವು. ಈಗ ಆ ಶೆಡ್ಡಿನಲ್ಲಿ ರಟ್ಟಿನ ಡಬ್ಬ ಮಾಡುತ್ತಾರೆ. ಯಜಮಾನರೂ ಇಲ್ಲ.

ಹೋದ ವರ್ಷ ಚಿಕ್ಕಬಾಣಾವರದ ಆಕೆಯ ಮಗಳು ಫೋನ್ ಮಾಡಿದಳು. ಗಂಟಲಿನ ಆಪರೇಷನ್ ಆಗಿ ಅಮ್ಮನಿಗೆ ಪಿಸುಮಾತಷ್ಟೇ ಉಳಿದಿದೆ, ಮೊಮ್ಮಗಳ ಮದುವೆಯಲ್ಲಿ ತನ್ನ ಹಾಡೇ ಕೇಳಬೇಕಂತೆ ಎಂದಳು. ಹಳೆಯ ಕ್ಯಾಸೆಟ್ಟಿನಿಂದ ಹಾಡನ್ನು ಮೊಬೈಲಿಗೆ ಹಾಕಿಸಿಕೊಂಡು ಹೋದೆ. ಅವರ ರಾಗಿ ಹೊಲವಿದ್ದ ಕಡೆ ಈಗ ನಾಲ್ಕು ಅಂತಸ್ತಿನ ಕಟ್ಟಡ, ಎಲ್ಲ ಬಾಡಿಗೆಯವರು. ಆಕೆ ಫೋನನ್ನು ಕಿವಿಗೊತ್ತಿಕೊಂಡು ಪೂರ್ತಿ ಕೇಳಿದಳು.

"ಯಾರವ್ವ ಇದು?" ಎಂದು ಪಿಸುಗುಟ್ಟಿದಳು.

"ನೀವೇ."

"ನಾನಲ್ಲ. ಯಾರೋ ಟೀಚ್ರಮ್ಮ ಪಾಠ ಒಪ್ಪಿಸ್ದಂಗದೆ. ಮೊದ್ಲು ಆಡಿದ್ನಲ್ಲ, ಅದ್ ಆಕಿ."

ಅದನ್ನು ಅಳಿಸಿಬಿಟ್ಟೆವು ಎಂದು ಹೇಳಲೇಬೇಕಾಯಿತು. ಆಕೆ ಬೈಯಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟು, "ಕಾಪಿ ಕುಡ್ದು ಓಗಿ," ಎಂದಳು. ಐ ಆಮ್ ಸಾರಿ ಎಂಬ ಮಾತು ನನ್ನ ಬಾಯಿಗೆ ಬಂದದ್ದೂ ಇಂಗ್ಲಿಷಿನಲ್ಲಿ. ಆಕೆಗೆ ಅದು ತಲುಪಿತೋ ಇಲ್ಲವೋ.

ಮದುವೆಗೆ ಕರೆದಿದ್ದರು, ಹೋದೆ. ನಾನು ಕೊಟ್ಟ ರೆಕಾರ್ಡಿಂಗ್ ಹಾಕಲಿಲ್ಲ. ಹುಡುಗಿಯನ್ನು ಹಸೆಗೆ ಕರೆತರುವಾಗ ಆಕೆ ಮಗಳ ತೋಳು ಹಿಡಿದು ಎದ್ದು ನಿಂತು ಹಾಡತೊಡಗಿದಳು. ಮೂರನೆಯ ಸಾಲಿನಲ್ಲಿದ್ದ ನನಗೆ ಕಂಡದ್ದು ತುಟಿಗಳ ಅಲುಗಾಟವಷ್ಟೇ. ಆಕೆಯನ್ನು ಕೊನೆಯ ಸಲ ನೋಡಿದ್ದು ಹಾಗೆ.