ಬೇಗಡೆ ಕಪ್ಪಾದರೆ ಹರಳು ಸತ್ತಂತಲ್ಲ

ಸವಣೂರಿನ ಅಕ್ಕಸಾಲಿಗರ ಓಣಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಮಹಾಂತೇಶರ ಅಂಗಡಿಯ ಕಟ್ಟೆಯ ಮೇಲೆ ಕುಳಿತ, ಹಳೆಯ ಒಡವೆಗಳ ಪರೀಕ್ಷೆ ಮಾಡುವ ಅಡಿವೆವ್ವ ಹಳೆಯ ಸೆರಗುಪಿನ್ನೊಂದನ್ನು ಎಳೆಬಿಸಿಲಿಗೆ ಓರೆ ಹಿಡಿದು ನೋಡುತ್ತಿದ್ದಾರೆ. ಹರಳಿನ ಒಳಗನ್ನು ಕಾಣಲು ಈ ಹೊತ್ತಿನ ಬೆಳಕೇ ಬೇಕಂತೆ. “ನಡುಮಧ್ಯಾಹ್ನದಾಗ ಕಾಜೂ ಶ್ರೀಮಂತರಂಗ ಮಿಂಚತೈತ್ರಿ,” ಎಂದು ನಗುತ್ತಾರೆ. ಕಾಜು ಅಂದರೆ ಗಾಜು.

ಎದುರಿಗೆ ನಿಂತವರು ನಿವೃತ್ತ ಶಿಕ್ಷಕಿ ವಿಮಲಾಬಾಯಿ. ಪಿನ್ನು ಅವರ ಅತ್ತೆಯದು. ಮುಂದಿನ ವಾರ ಮದುವೆಯಾಗುವ ಮಗಳು ಪದ್ಮಜಾಳಿಗೆ ಕೊಡಬೇಕೆಂದಿರುವುದು. ಹೊಳಪು ಬರಲೆಂದು ಅದನ್ನು ಅಂಟುವಾಳದ ನೀರಿನಲ್ಲಿ ಎರಡು ತಾಸು ನೆನೆಸಿಟ್ಟರು. ಏಳೂ ಕೆಂಪು ಹರಳು ಕಪ್ಪಿಟ್ಟವು. ಇದು ಬರೀ ಗಾಜು, ಚಿನ್ನ ಕರಗಿಸಿ ಉಂಗುರ ಮಾಡಿಸಿ ಎಂದು ಮಹಾಂತೇಶ ಹೇಳಿಬಿಟ್ಟಿದ್ದಾರೆ. ಅಂಗಡಿ ತೆರೆಯುವುದರೊಳಗೆ ಅಡಿವೆವ್ವ ಬೇರೆ ಮಾತು ಹೇಳದಿದ್ದರೆ ಪಿನ್ನು ಚಿನ್ನ ಕರಗಿಸುವ ಮೂಸೆ ಸೇರುತ್ತದೆ.

“ನನ್ನ ಕೈಯಾರೆ ಹಾಳು ಮಾಡಿದೆ ನೋಡವಾ,” ಎನ್ನುತ್ತಾರೆ ವಿಮಲಾಬಾಯಿ.

ಹಳೆಯ ಕೆಲಸದಲ್ಲಿ ಹರಳಿನ ಬೆನ್ನಿಗೆ ಬೇಗಡೆ ಇಡುತ್ತಿದ್ದರು, ಅಂದರೆ ಕಾಗದಕ್ಕಿಂತ ತೆಳುವಾದ ಹೊಳೆಯುವ ತಗಡು. ನೀರು ಹೊಕ್ಕರೆ ಕಪ್ಪಾಗುವುದು ಅದೇ. “ಹಬ್ಬ, ಮದುವಿ ಬಂದ್ರ ತೊಳದ ತೊಳದ ತರ್ತಾರ್ರಿ. ಹರಳ ಸತ್ತಿರೂದಿಲ್ಲ, ಬೇಗಡಿ ಸತ್ತಿರ್ತೈತಿ,” ಎನ್ನುತ್ತಾರೆ ಅಡಿವೆವ್ವ.

ಐವತ್ತೆಂಟರ ಅಡಿವೆವ್ವ ಹುಲಗೂರಿನವರು. ಸಣ್ಣವರಿದ್ದಾಗ ಅವ್ವನ ಜೊತೆ ಇದೇ ಓಣಿಯ ಗಟಾರದ ಮಣ್ಣು ತೊಳೆದು ಚಿನ್ನದ ಚೂರು ಹೆಕ್ಕುತ್ತಿದ್ದರು. ಕಾಲೆಲ್ಲ ಬಿರುಕು, ಮೂಗು ಮುಚ್ಚಿಕೊಂಡು ದಾಟುವ ಜನ. ಆ ಮಣ್ಣೇ ಅವರಿಗೆ ಸಾಲೆಯಾಯಿತು. ಮುರಿದ ಮುಳ್ಳು, ಕಳಚಿದ ಕೊಂಡಿ, ಉದುರಿದ ಹರಳು, ಸಿಕ್ಕಿದ್ದನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು ಹೋಲಿಸುತ್ತ ಕಲಿತರು. ಚುಚ್ಚುವ ಮುಳ್ಳು ಪಿನ್ನಿನ ಅಂಚು ದಾಟಿ ಚಾಚಿದ್ದರೆ, ಕೊಂಡಿಗೆ ಚಿಲಕವಿಲ್ಲದಿದ್ದರೆ, ಅದು ನೂರು ವರ್ಷದ ಆಚೆಯ ಮಾಲು ಎಂಬುದು ಅವರ ಲೆಕ್ಕ. ಈಗ ಶಿಗ್ಗಾಂವಿ, ಹಾನಗಲ್ಲಿನಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಪಿನ್ನು ಕೈಗೆ ಬಂದರೂ ನಿಜಕ್ಕೂ ಹಳೆಯದು ತಿಂಗಳಿಗೊಂದು ಸಿಕ್ಕರೆ ಹೆಚ್ಚು. ಬೆಲೆ ಕಟ್ಟುವವರು ಇವರು, ಹೆಸರು ಮಾತ್ರ ಅಂಗಡಿಯದು.

ಅಡಿವೆವ್ವ ಪಿನ್ನಿನ ಹರಳನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಾರೆ. “ತಣ್ಣಗ ಐತ್ರಿ. ಕಾಜು ಲಗೂ ಬೆಚ್ಚಗಾಕ್ಕತಿ.” ಖಾತ್ರಿಯಾಗಬೇಕಾದರೆ ಹಿಂಬದಿಯ ಮುಚ್ಚಳ ಎಬ್ಬಿಸಬೇಕು. ಕೈ ಜಾರಿದರೆ ಹರಳು ಸೀಳುತ್ತದೆ.

“ತಪ್ಪಿದ್ರ ನಿಮ್ಮ ಹರಳೂ ಹೋಕ್ಕತಿ, ನನ್ನ ಮಾತೂ ಹೋಕ್ಕತಿ. ಎಬ್ಬಸಲೇನ್ರಿ ಅಕ್ಕಾರ?”

ವಿಮಲಾಬಾಯಿ ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ಸೂಜಿಯ ಮೊನೆಗೆ ಒಂದೊಂದೇ ಮುಚ್ಚಳ ಏಳುತ್ತದೆ, ಕೊಳೆತ ಬೇಗಡೆ ಪುಡಿಯಾಗಿ ಉದುರುತ್ತದೆ. ಒಳಗೆ ದಾಳಿಂಬೆ ಕಾಳಿನಂಥ ಕೆಂಪು. ಅಷ್ಟರಲ್ಲಿ ಬಂದ ಮಹಾಂತೇಶ ಬಗ್ಗಿ ನೋಡಿ, ಹುಳ್ಳಗೆ ನಕ್ಕು, ತಾವೇ ಹೊಸ ಬೇಗಡೆ ತಂದುಕೊಡುತ್ತಾರೆ.

“ಆರು ಖರೇವು. ನಡುವಿಂದು ಕಾಜು, ಒಳಗ ಗಾಳಿಗುಳ್ಳಿ ಐತಿ,” ಎನ್ನುತ್ತಾರೆ ಅಡಿವೆವ್ವ. ವಿಮಲಾಬಾಯಿಯ ಮುಖ ಇಳಿಯುತ್ತದೆ.

“ಅದೊಂದು ಹೇಳಲಿಲ್ಲಂದ್ರ ನಡೀತಿತ್ತಲ್ಲಬೇ,” ಎಂದು ಮಹಾಂತೇಶ ಗೊಣಗುತ್ತಾರೆ.

“ಮತ್ತ ಉಳದ ಆರು ಖರೇ ಅಂದದ್ದು ಹೆಂಗ ನಂಬ್ತಾರ್ರಿ?”

ಬೇಗಡೆ ಕೂರಿಸುವಷ್ಟರಲ್ಲಿ ಬಿಸಿಲು ಕಟ್ಟೆ ಏರಿದೆ. ರೇಷ್ಮೆ ಹರಿಯದಂತೆ ಒಳಗೊಂದು ಅರಿವೆಯ ಮಡಿಕೆ ಇಟ್ಟು ಚುಚ್ಚಬೇಕೆಂದು ಅಡಿವೆವ್ವ ತೋರಿಸಿಕೊಡುತ್ತಾರೆ. ಕೂಲಿಯ ಮೇಲೆ ಇನ್ನೇನು ಕೊಡಲಿ ಎಂದು ವಿಮಲಾಬಾಯಿ ಕೇಳಿದರೆ ಅಡಿವೆವ್ವ ನಾಚುತ್ತಾರೆ.

“ಇಷ್ಟು ವರ್ಷ ಎಲ್ಲಾ ಅಂಗೈಯಾಗ ನೋಡೇನ್ರಿ. ಸೆರಗಿನ ಮ್ಯಾಲ ಒಂದೂ ನೋಡಿಲ್ಲ. ಮಗಳು ಹಾಕ್ಕೊಂಡಾಗ ಒಂದ ಸಲ ಈ ಓಣ್ಯಾಗ ಹಾಯಿಸಿಕೊಂಡು ಹೋಗ್ರಿ.”